ಅಂಶ ಮತ್ತು ಭರಣ: ಮರೆವಿನ ರೋಗದ ವೃದ್ಧರ ಘನತೆಯನ್ನು ಅಳೆಯುವ ಕ್ರಮಗಳ ವಿಮರ್ಶೆ

1

ಮುಪ್ಪಿನಲ್ಲಿ ನೆನಪು ಅಳಿದು, ವಿವೇಚನೆ ಕುಂದಿ, ಹೆತ್ತ ಮಕ್ಕಳನ್ನೂ ಗುರುತಿಸಲಾರದ ಸ್ಥಿತಿಗೆ ಬಂದವರ ಆರೈಕೆಯಲ್ಲಿ ಅವರ ಘನತೆ ಉಳಿದಿದೆಯೋ ಇಲ್ಲವೋ ಎಂಬುದನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕು? ಈ ಪ್ರಶ್ನೆಯು ವೈದ್ಯರಿಗೂ ಸಮಾಜಶಾಸ್ತ್ರಜ್ಞರಿಗೂ ಸೇರಿದುದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಅದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಈ ಲೇಖಕನು ಆ ಪ್ರಶ್ನೆಯನ್ನು ಹುಡುಕಿಕೊಂಡು ಹೋದವನಲ್ಲ. ಅದೇ ಎದುರಿಗೆ ಬಂದಿತು. 1948ರ ಪೊಲೀಸ್ ಕಾರ್ಯಾಚರಣೆಯನ್ನೂ ಅದಕ್ಕೆ ಮುಂಚಿನ ರಜಾಕಾರರ ಹಾವಳಿಯನ್ನೂ ಕಣ್ಣಾರೆ ಕಂಡವರ ಹೇಳಿಕೆಗಳನ್ನು ಸಂಗ್ರಹಿಸುವ ಸಲುವಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳಲ್ಲಿ ತಿರುಗಾಡಬೇಕಾಯಿತು. ಅಂದು ಎಂಟು ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಇಂದು ಎಂಬತ್ತೈದರ ಆಚೆ ಈಚೆ. ಕೆಲವು ಮನೆಗಳಲ್ಲಿ ಹೊಸ್ತಿಲು ದಾಟುವ ಮೊದಲೇ ಒಂದು ಮಾತು ಎದುರಾಗುತ್ತಿತ್ತು: “ಆಕೀಗಿ ನೆಪ್ಪಿಲ್ರೀ ಸರ್, ಬಿಡ್ರಿ.” ನೆಪ್ಪು ಎಂದರೆ ನಮ್ಮ ಕಡೆಯ ಮಾತಿನಲ್ಲಿ ನೆನಪು. ಹೀಗೆ ಹೇಳುತ್ತಿದ್ದಾಗ ಆ ಮುದುಕಿಯು ಮೂರು ಮಾರು ದೂರದಲ್ಲಿ, ಹೊರಸಿನ ಮೇಲೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕುಳಿತಿರುತ್ತಿದ್ದಳು. ಸಾಕ್ಷಿಯು ನಿಷ್ಪ್ರಯೋಜಕವಾಯಿತೆಂದು ತಿಳಿದು, ಆಕೆಗೆ ನಮಸ್ಕಾರವನ್ನೂ ಹೇಳದೆ ಎದ್ದು ಬಂದ ಸಂದರ್ಭಗಳೂ ಉಂಟು ಎಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಆ ನಾಚಿಕೆಯೇ ಪ್ರಸ್ತುತ ಲೇಖನಕ್ಕೆ ಕಾರಣವಾಗಿದೆ.

ವಿಷಯದ ವ್ಯಾಪ್ತಿ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ, ಲಾಸಿ-ಡ್ಯಾಡ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಅಖಿಲ ಭಾರತ ಅಧ್ಯಯನವು, 60 ವರ್ಷ ತುಂಬಿದವರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯಿದೆಯೆಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದು ಹೆಚ್ಚು. ನಮ್ಮ ರಾಜ್ಯದಲ್ಲಿ ಈ ಬಗೆಗಿನ ದೀರ್ಘಾವಧಿಯ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಸುತ್ತಿದೆ. ಅದು ಸ್ತುತ್ಯವಾದ ಕಾರ್ಯ. ಆದರೆ ಕಾಗಿಣಾ ತೀರದ ಊರುಗಳಿಗೆ ಶ್ರೀನಿವಾಸಪುರವು ರಾಜ್ಯದ ಮತ್ತೊಂದು ತುದಿ. ಭಾಷೆ ಬೇರೆ, ಭೂತಕಾಲವೂ ಬೇರೆ.

2

ಮೊದಲು ಶಬ್ದಗಳ ವಿಚಾರ. ಘನತೆ ಎಂಬುದು ಭಾಷಣದ ಶಬ್ದ, ಶಾಸನಸಭೆಯ ಶಬ್ದ; ಮನೆಯ ಶಬ್ದವಲ್ಲ. ಮೇಲೆ ಹೇಳಿದ ಐದು ಊರುಗಳ ಮನೆಗಳಲ್ಲಿ ಕೇಳಿಬರುವುದು ಮಾನ, ಮರ್ಯಾದೆ ಮತ್ತು ನಿಜಾಮರ ಕಾಲದಿಂದ ಉಳಿದು ಬಂದ ಇಜ್ಜತ್. ಮರ್ಯಾದೆಯೆಂದರೆ ಮೂಲದಲ್ಲಿ ಎಲ್ಲೆ, ಮೇರೆ. ಈ ಶಬ್ದಗಳಿಗೆ ಒಂದು ವಿಶೇಷವಿದೆ: ಇವು ಮುಖ್ಯವಾಗಿ ಮನೆತನಕ್ಕೆ ಸೇರಿದವು, ವ್ಯಕ್ತಿಗೆ ಸೇರುವುದು ಅನಂತರ. ಉಟ್ಟ ಧೋತರವನ್ನು ಬಿಚ್ಚಿ ಓಣಿಗೆ ಇಳಿದ ಮುದುಕನಿಂದ ಹೋದದ್ದು ಮನೆಯ ಮಾನ, ಆತನದಲ್ಲ. ಆದುದರಿಂದ ಮಾನವನ್ನು ಉಳಿಸಿಕೊಳ್ಳಲು ಆತನನ್ನೇ ಹಿಂದಿನ ಕೋಣೆಯಲ್ಲಿ ಇರಿಸಿ ಹೊರಗಿನಿಂದ ಚಿಲಕ ಹಾಕಿದರೆ, ಮನೆಯವರ ದೃಷ್ಟಿಯಿಂದ ಅದು ಮಾನರಕ್ಷಣೆ. ಮಾಪನಕಾರನ ದೃಷ್ಟಿಯಿಂದ ಮಾನಹಾನಿ. ಎರಡೂ ಒಂದೇ ಕೃತ್ಯಕ್ಕೆ ಕೊಟ್ಟ ಹೆಸರುಗಳು. ಘನತೆ ಎಂಬ ಒಂದೇ ಶಬ್ದದಿಂದ ಅನುವಾದ ಮಾಡಿದ ಪ್ರಶ್ನಾವಳಿಯು ಈ ತಿಕ್ಕಾಟವನ್ನು ಕಾಣುವುದೇ ಇಲ್ಲ.

ರೋಗದ ಹೆಸರೂ ನಿರ್ವಿವಾದವಾದುದಲ್ಲ. ಬುದ್ಧಿಮಾಂದ್ಯ ಎಂಬ ರೂಢಿಯ ಪದವನ್ನು ಹುಟ್ಟಿನಿಂದ ಬುದ್ಧಿ ಬೆಳೆಯದವರಿಗೂ ಹೇಳುವುದರಿಂದ, ಬೆಳೆದು ಬಾಳಿ ಕಳೆದುಕೊಂಡವರಿಗೆ ಅದು ಸಲ್ಲದು. ಚಿತ್ತವೈಕಲ್ಯ ಎಂದರೆ ಹುಚ್ಚಿನ ಛಾಯೆ ಬರುತ್ತದೆ. ಮರೆಗುಳಿ ರೋಗವೆಂಬುದರಲ್ಲಿ ಸ್ವಲ್ಪ ಗೇಲಿಯಿದೆ. ಜಪಾನಿನಲ್ಲಿ ಹಳೆಯ ಹೆಸರು ಅವಮಾನಕರವೆಂದು ಮನಗಂಡು 2004ರಲ್ಲಿ ಸರಕಾರವೇ ಅದನ್ನು ಬದಲಿಸಿತು. ನಮ್ಮಲ್ಲಿ ಅಂತಹ ಪ್ರಯತ್ನವಾಗಿಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯಂತೂ ರೋಗವನ್ನೇ ವಯೋಧರ್ಮವನ್ನಾಗಿ ಮಾಡಿಬಿಡುತ್ತದೆ; ವೈದ್ಯನ ಬಳಿಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಆದರೂ ಆ ಗಾದೆಯಲ್ಲಿ ಒಂದು ದಯೆಯಿದೆಯೆಂದು ಒಪ್ಪಬೇಕು: ಅದು ಯಾರನ್ನೂ ಬೇರೆ ಜಾತಿಯ ಮನುಷ್ಯರನ್ನಾಗಿ ಎತ್ತಿಡುವುದಿಲ್ಲ. ಬೇಂದ್ರೆಯವರು ತಮ್ಮ ಸಂಕಲನಕ್ಕೆ ಅದೇ ಜೋಡಿನುಡಿಯನ್ನು ಹೆಸರಾಗಿ ಇಟ್ಟು, 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದುದನ್ನು ನೆನೆದರೆ ಈ ನುಡಿಯ ಒಳಗೆ ಇನ್ನೂ ಅರ್ಥಗಳಿವೆಯೆಂದು ತೋರುತ್ತದೆ. ಪ್ರಸ್ತುತ ಲೇಖನದಲ್ಲಿ ಮರೆವಿನ ರೋಗವೆಂಬ ಸರಳ ಹೆಸರನ್ನೇ ಬಳಸಲಾಗಿದೆ.

3

ಶಹಾಬಾದದ ಸಮೀಪದ ಮರತೂರು ಗ್ರಾಮವನ್ನು ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನ ಊರೆಂದು ನಮ್ಮ ಭಾಗದ ಪರಂಪರೆಯು ನಂಬಿಕೊಂಡು ಬಂದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಹನ್ನೊಂದು ಹನ್ನೆರಡನೆಯ ಶತಮಾನಗಳ ಸಂಧಿಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನವು 1810ರಲ್ಲಿ ಕೋಲ್‌ಬ್ರೂಕನ ಇಂಗ್ಲಿಷ್ ಅನುವಾದದ ಮೂಲಕ ಇಂಗ್ಲಿಷರ ನ್ಯಾಯಾಲಯಗಳಿಗೂ ಹೋಗಿ, ಹಿಂದೂ ಕುಟುಂಬಗಳ ಆಸ್ತಿಪಾಸ್ತಿಯನ್ನು ಆಳಿದ ವೃತ್ತಾಂತ ಸುವಿದಿತವಾಗಿದೆ. ಅದರ ದಾಯವಿಭಾಗ ಪ್ರಕರಣವನ್ನು ಪ್ರಸ್ತುತ ವಿಷಯದ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕಾಗಿದೆ.

ಅಲ್ಲಿ ಎರಡು ಸ್ಥಳಗಳು ಮುಖ್ಯವಾದವು. ಮೊದಲನೆಯದು ಅಂಶಕ್ಕೆ ಅನರ್ಹರಾದವರ ಪಟ್ಟಿ. ಉನ್ಮತ್ತ, ಜಡ, ಕುರುಡ, ವಾಸಿಯಾಗದ ರೋಗಿ ಮೊದಲಾದವರಿಗೆ ಆಸ್ತಿಯಲ್ಲಿ ಪಾಲಿಲ್ಲ. ಆದರೆ ಅವರನ್ನು ಅನ್ನ ವಸ್ತ್ರಗಳಿಂದ ಪೋಷಿಸಲೇಬೇಕು, ಪೋಷಿಸದವನಿಗೆ ದೋಷವುಂಟು. ಅವರ ಪತ್ನಿಯರನ್ನೂ ಮದುವೆಯಾಗುವವರೆಗೆ ಹೆಣ್ಣುಮಕ್ಕಳನ್ನೂ ಸಲಹಬೇಕು. ವಿಜ್ಞಾನೇಶ್ವರನು ಕಠೋರನಲ್ಲ. ವಿಭಾಗವಾದ ಮೇಲೆ ದೋಷವುಂಟಾದರೆ ಪಡೆದ ಪಾಲನ್ನು ಕಿತ್ತುಕೊಳ್ಳುವಂತಿಲ್ಲವೆಂದೂ, ಔಷಧದಿಂದ ಗುಣವಾದರೆ ಪಾಲು ಕೊಡಬೇಕೆಂದೂ ಅವನು ವಿವರಿಸುತ್ತಾನೆ. ಎರಡನೆಯ ಸ್ಥಳ ವಿಭಾಗಕಾಲದ ವಿಚಾರ. ತಂದೆಯು ವೃದ್ಧನಾಗಿ, ಚಿತ್ತವು ವಿಪರೀತವಾಗಿ, ದೀರ್ಘರೋಗಿಯಾಗಿದ್ದರೆ ಅವನ ಇಚ್ಛೆಯಿಲ್ಲದೆಯೂ ಮಕ್ಕಳು ಆಸ್ತಿಯನ್ನು ಹಂಚಿಕೊಳ್ಳಬಹುದೆಂಬ ಶಂಖನ ವಚನವನ್ನು ಅವನು ಅಂಗೀಕರಿಸುತ್ತಾನೆ. ಹುಟ್ಟಿನಿಂದಲೇ ಮಗನಿಗೆ ಸ್ವತ್ತಿನಲ್ಲಿ ಹಕ್ಕಿದೆಯೆಂಬ ಅವನ ಸಿದ್ಧಾಂತಕ್ಕೆ ಇದು ಸಹಜವಾಗಿ ಹೊಂದುತ್ತದೆ.

ಈ ಎರಡು ಸ್ಥಳಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಭೇದವು ಸ್ಪಷ್ಟವಾಗುತ್ತದೆ. ಅಂಶ ಬೇರೆ, ಭರಣ ಬೇರೆ. ಅಂಶವುಳ್ಳವನು ಕೇಳಲ್ಪಡುವವನು, ಅವನ ಹೂಂಕಾರವಿಲ್ಲದೆ ಮನೆಯಲ್ಲಿ ಕಾರ್ಯ ನಡೆಯದು. ಭರಣಕ್ಕೆ ಅರ್ಹನಾದವನು ಉಣಿಸಲ್ಪಡುವವನು. ಬುದ್ಧಿ ಕೆಟ್ಟ ವೃದ್ಧನು ಮೊದಲನೆಯ ಸಾಲಿನಿಂದ ಎದ್ದು ಎರಡನೆಯ ಸಾಲಿಗೆ ಹೋಗುತ್ತಾನೆ. ಹಸಿವಿನಿಂದ ಸಾಯುವುದಿಲ್ಲ, ಆದರೆ ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ರೋಗ ಅಥವಾ ಅಂಗದೋಷದ ಕಾರಣದಿಂದ ಯಾರೂ ವಾರಸಿಕೆಯನ್ನು ಕಳೆದುಕೊಳ್ಳಬಾರದೆಂದು ವಿಧಿಸಿ ಹಳೆಯ ಅನರ್ಹತೆಯನ್ನು ಅಳಿಸಿತು. ಕಾಗದದ ಮೇಲೆ ಅಳಿದದ್ದು ಪಡಸಾಲೆಯಲ್ಲಿ ಅಳಿದಿಲ್ಲ. ವಾಟ್ನಿಯ ಕಾಗದಕ್ಕೆ ಮುದುಕನ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವಾಗ ಅದರಲ್ಲೇನಿದೆಯೆಂದು ಆತನಿಗೆ ಓದಿ ಹೇಳಿದರೇ ಎಂದು ಒಂದು ಮನೆಯಲ್ಲಿ ಈ ಲೇಖಕನು ಕೇಳಿದಾಗ, “ಅವರಿಗೇನ್ ತಿಳೀತದ್ರೀ?” ಎಂಬ ಉತ್ತರ ಬಂದಿತು. ಆ ಮನೆಯಲ್ಲಿ ಮುದುಕನ ಊಟ, ಹಾಸಿಗೆ, ಸ್ನಾನ ಎಲ್ಲವೂ ನಿರ್ದೋಷವಾಗಿದ್ದವು.

ಈಗಿನ ಶಾಸನವೂ ಭರಣದ ಆಚೆಗೆ ಬಹುದೂರ ಹೋಗಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಪೋಷಣೆಯನ್ನು ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳಿಂದ ವ್ಯಾಖ್ಯಾನಿಸುತ್ತದೆ; ಮಿತಾಕ್ಷರೆಯ ಅನ್ನ ವಸ್ತ್ರಗಳಿಗೆ ಮನೆ ಮದ್ದುಗಳನ್ನು ಕೂಡಿಸಿದಂತಾಯಿತು. ಆರೈಕೆಯ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಕೈಬಿಟ್ಟರೆ ಆ ಹಸ್ತಾಂತರವನ್ನು ರದ್ದುಗೊಳಿಸಬಹುದೆನ್ನುವ 23ನೆಯ ಕಲಮೊಂದೇ ಅಂಶದ ಕಡೆಗೆ ಕೈಚಾಚುತ್ತದೆ. ಆದರೆ ಸೇಡಂ ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡುವವರು ಯಾರು? 5ನೆಯ ಕಲಮಿನಂತೆ ವೃದ್ಧನು ಅಶಕ್ತನಾಗಿದ್ದರೆ ಆತನಿಂದ ಅಧಿಕಾರ ಪಡೆದ ಇನ್ನೊಬ್ಬನು ಕೊಡಬಹುದು. ಬುದ್ಧಿ ಅಳಿದವನು ಅಧಿಕಾರವನ್ನು ಹೇಗೆ ಕೊಟ್ಟಾನು? ನ್ಯಾಯಮಂಡಳಿಯು ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬಹುದೆಂಬ ಮಾತೊಂದು ಇರದಿದ್ದರೆ ಈ ಕಾಯಿದೆಯು ಮರೆವಿನ ರೋಗಿಯ ಪಾಲಿಗೆ ಇಲ್ಲವೆಂದೇ ಹೇಳಬೇಕಾಗುತ್ತಿತ್ತು. ಘನತೆಯ ಬಾಳು ಎಂಬ ಮಾತನ್ನು ಪೋಷಣೆಯ ವ್ಯಾಖ್ಯೆಗೆ ಸೇರಿಸಹೊರಟ 2019ರ ತಿದ್ದುಪಡಿ ಮಸೂದೆಯು ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಕಾನೂನಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ಹೆಚ್ಚು ಸೂಕ್ಷ್ಮವಾದುದು. ಮೈ ಕಾಣದಂತೆ ತಕ್ಕ ಬಟ್ಟೆ, ಏಕಾಂತ, ಬಲವಂತದಿಂದ ತಲೆ ಬೋಳಿಸದಿರುವುದು, ಸಂಕೋಲೆ ಹಾಕದಿರುವುದು ಎಂದು ಅದು ಘನತೆಯನ್ನು ಮೈಯ ಮೇಲೆ ಗುರುತಿಸಿ ಹೇಳುತ್ತದೆ. ಆದರೆ ಅದರ ಕಣ್ಣು ಇರುವುದು ಸಂಸ್ಥೆಗಳ ಮೇಲೆ; ನಮ್ಮ ವೃದ್ಧರಿರುವುದು ಮನೆಗಳಲ್ಲಿ.

4

ಇನ್ನು ಮಾಪನಗಳು. ಘನತೆಯನ್ನು ಅಳೆಯುವುದಕ್ಕೆ ಮುಂಚೆ ರೋಗವನ್ನು ಅಳೆಯಬೇಕಷ್ಟೆ. ಲೋಕದಲ್ಲೆಲ್ಲ ಹಬ್ಬಿರುವ ಫೋಲ್‌ಸ್ಟೀನನ 1975ರ ಮೂವತ್ತು ಅಂಕಗಳ ಪರೀಕ್ಷೆಯು, ಇಂದು ಯಾವ ವರ್ಷ, ಯಾವ ತಿಂಗಳು, ಯಾವ ರಾಜ್ಯ, ಯಾವ ಜಿಲ್ಲೆ ಎಂಬ ಪ್ರಶ್ನೆಗಳಿಂದ ತೊಡಗಿ, ಒಂದು ವಾಕ್ಯವನ್ನು ಬರೆಯಿರಿ ಎಂಬಲ್ಲಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ಶೇಕಡಾ 65ರಷ್ಟು ಸಾಕ್ಷರತೆಯಿದ್ದ ಜಿಲ್ಲೆಯಲ್ಲಿ ಎಂಬತ್ತು ದಾಟಿದ ಮುದುಕಿಗೆ ವಾಕ್ಯ ಬರೆಯೆಂದು ಹೇಳುವುದು ಪರೀಕ್ಷೆಯಲ್ಲ, ಅಪಮಾನ. ಈ ದೋಷವನ್ನು ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಗಂಗೂಲಿ ಮತ್ತು ಸಂಗಡಿಗರು ಮನಗಂಡು, ಓದುಬರಹವಿಲ್ಲದವರಿಗೂ ಸಲ್ಲುವ ಹಿಂದಿ ಪರೀಕ್ಷೆಯೊಂದನ್ನು 1995ರಲ್ಲಿ ಪ್ರಕಟಿಸಿದರು. ಅದರಲ್ಲಿ ಇದು ಬೆಳಗೋ ಸಂಜೆಯೋ ಎಂದು ಕೇಳುವ ವಿವೇಕವಿದೆ.

ಆದರೆ ಸ್ಥಳದ ಪ್ರಶ್ನೆಯಲ್ಲಿರುವ ತೊಡಕನ್ನು ಇತಿಹಾಸಕಾರನಲ್ಲದೆ ಬೇರೆಯವರು ಗಮನಿಸಿದಂತಿಲ್ಲ. 1940ರಲ್ಲಿ ಸೇಡಂ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ಮನೆಯಿಂದ ಕದಲದೆಯೇ ನಿಜಾಮರ ಸಂಸ್ಥಾನದಲ್ಲಿ, 1948ರ ತರುವಾಯ ಹೈದರಾಬಾದ್ ರಾಜ್ಯದಲ್ಲಿ, 1956ರಿಂದ ಮೈಸೂರು ರಾಜ್ಯದಲ್ಲಿ, 1973ರಿಂದ ಕರ್ನಾಟಕದಲ್ಲಿ ಬಾಳಿದ್ದಾಳೆ. ಅವಳ ಜಿಲ್ಲೆ 2014ರಲ್ಲಿ ಗುಲಬರ್ಗಾ ಹೋಗಿ ಕಲಬುರಗಿಯಾಯಿತು. ಅವಳ ಪ್ರದೇಶ 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಅವಳ ತವರು ತಾಂಡೂರೋ ಕೊಡಂಗಲ್ಲೋ ಆಗಿದ್ದರೆ, 1956ರಲ್ಲಿ ಅದು ಜಿಲ್ಲೆಯಿಂದಲೇ ಕಳಚಿ ಆಂಧ್ರಕ್ಕೆ ಹೋಯಿತು. ವರ್ಷವನ್ನು ಅವಳ ತಂದೆ ಫಸಲಿ ಸನ್ನಿನಲ್ಲಿ ಎಣಿಸುತ್ತಿದ್ದನು; ರೂಪಾಯಿಯೆಂದರೆ ಹಾಲಿ ಸಿಕ್ಕಾ. “ನಮ್ಮದು ಹೈದರಾಬಾದ ಸರಕಾರ” ಎಂದು ಅವಳು ಹೇಳಿದರೆ ಒಂದು ಅಂಕ ಹೋಗುತ್ತದೆ. ಹೋದದ್ದು ಅವಳ ಬುದ್ಧಿಯಲ್ಲಿಯೋ ರಾಜ್ಯ ಪುನರ್ವಿಂಗಡಣೆಯಲ್ಲಿಯೋ? ಚಿಂಚೋಳಿಯ ತಾಂಡಾಗಳಲ್ಲಿಯಂತೂ ಮೊದಲ ಭಾಷೆಯೇ ಕನ್ನಡವಲ್ಲ. ಮರೆವು ಗಾಢವಾದಂತೆ ಅನಂತರ ಕಲಿತ ಭಾಷೆಗಳು ಮೊದಲು ಕಳಚುತ್ತವೆ; ತಾಯ್ನುಡಿಯು ಉಳಿಯುತ್ತದೆ. ಲಂಬಾಣಿ ಮುದುಕಿಯನ್ನು ಕನ್ನಡದಲ್ಲಿ ಪ್ರಶ್ನಿಸಿ ಮೌನವನ್ನು ದಾಖಲಿಸಿಕೊಂಡರೆ, ಆ ಮೌನವು ಯಾರದೆಂದು ತಿಳಿಯುವುದಿಲ್ಲ.

ಘನತೆಯ ಮಾಪನಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ. ಕೆನಡಾದ ಚೊಚಿನೊವ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಇಪ್ಪತ್ತೈದು ಪ್ರಶ್ನೆಗಳ ಪಟ್ಟಿಯು, ಮರಣಾಸನ್ನರಾದ ಆದರೆ ಬುದ್ಧಿ ತಿಳಿಯಾಗಿರುವ ರೋಗಿಗಳನ್ನು ಮಾತನಾಡಿಸಿ ರೂಪಿಸಿದುದು. ಅದರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ನೊಂದವನನ್ನೇ ಅದು ಕೇಳುತ್ತದೆ. ಆದರೆ ಅಲ್ಲಿಯೇ ಅದರ ಮಿತಿಯೂ ಇದೆ: ತನ್ನ ನೋವನ್ನು ಒಂದರಿಂದ ಐದರವರೆಗಿನ ಅಂಕದಲ್ಲಿ ಹೇಳಬಲ್ಲವನು ಮರೆವಿನ ರೋಗದ ಮೊದಲ ಹಂತವನ್ನು ಇನ್ನೂ ದಾಟಿರುವುದಿಲ್ಲ. ಇತರರಿಗೆ ಹೊರೆಯಾಗಿದ್ದೇನೆಂಬ ಭಾವವು ಅಲ್ಲಿಯ ಒಂದು ಮುಖ್ಯ ಅಂಶ. ನಮ್ಮ ಮುದುಕರು ಆರೋಗ್ಯವಾಗಿದ್ದಾಗಲೂ “ಭೂಮಿಗಿ ಭಾರ ಆಗೀನಿ” ಎಂದು ದಿನಕ್ಕೆರಡು ಸಲ ಹೇಳುವವರು. ಅದು ಎಷ್ಟೋ ಸಲ ಇನ್ನೊಂದು ಕಪ್ಪು ಚಹಾ ಬೇಕೆಂಬುದರ ಪೀಠಿಕೆ.

ಸ್ವೀಡನ್ನಿನ ತತ್ತ್ವಜ್ಞ ನೋರ್ಡೆನ್‌ಫೆಲ್ಟನು 2004ರಲ್ಲಿ ಘನತೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು: ಪದವಿಯಿಂದ ಬಂದದ್ದು, ಶೀಲದಿಂದ ಬಂದದ್ದು, ತಾನು ತಾನೆಂಬ ಗುರುತಿನಿಂದ ಬಂದದ್ದು, ಕೇವಲ ಮನುಷ್ಯನಾಗಿರುವುದರಿಂದ ಬಂದದ್ದು. ಕೊನೆಯದು ಕಳೆದುಹೋಗದೆಂದು ಅವನೇ ಹೇಳುತ್ತಾನೆ. ಕಳೆದುಹೋಗದುದನ್ನು ಹೆಚ್ಚು ಕಡಮೆ ಎಂದು ಅಳೆಯುವುದು ಸಾಧ್ಯವಿಲ್ಲ. ಆದುದರಿಂದ ಯಾವ ಮಾಪನವಾದರೂ ಮುಖ್ಯವಾಗಿ ಅಳೆಯುವುದು ಮೂರನೆಯದನ್ನು, ಗುರುತನ್ನು. 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ, ಅನಂತ ನಾಗ್ ಮರೆವಿನ ರೋಗಿಯಾಗಿ ಅಭಿನಯಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ಹೆಸರೇ ಇದರ ಭಾಷ್ಯ. ಕಾಣೆಯಾದವರ ಪ್ರಕಟಣೆಯ ಭಾಷೆಯಲ್ಲಿ ಒಬ್ಬ ತಂದೆಯು ಬಣ್ಣವೂ ಮೈಕಟ್ಟೂ ಆಗಿಬಿಡುತ್ತಾನೆ. ಹುಡುಕುವ ಮಗನಿಗೆ ಅದಕ್ಕಿಂತ ಹೆಚ್ಚಿಗೆ ಹೇಳಲು ಏನು ಗೊತ್ತಿತ್ತೆಂಬುದೇ ಚಿತ್ರದ ಪ್ರಶ್ನೆ. ಮುಂಬಯಿ, ಮದ್ರಾಸು, ಹೈದರಾಬಾದುಗಳ ಕಡೆಗೆ ಹಳಿಗಳು ಕವಲೊಡೆಯುವ ವಾಡಿಯ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಆ ಹೆದರಿಕೆ ಕಲ್ಪನೆಯದಲ್ಲ.

5

ಎರಡನೆಯ ಮಾಪನವು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಟಾಮ್ ಕಿಟ್‌ವುಡ್ಡನದು. ಅವನು ಬ್ರೆಡಿನಳೊಡನೆ 1992ರ ವೇಳೆಗೆ ರೂಪಿಸಿದ ಆರೈಕೆಯ ನಕ್ಷೆಯ ಕ್ರಮದಲ್ಲಿ ರೋಗಿಯನ್ನು ಪ್ರಶ್ನಿಸುವುದಿಲ್ಲ. ನೋಡುಗನು ಆರು ಗಂಟೆಗಳವರೆಗೆ ಕುಳಿತು ಐದೈದು ನಿಮಿಷಕ್ಕೊಮ್ಮೆ ರೋಗಿಗೆ ಏನಾಗುತ್ತಿದೆಯೆಂದು ಗುರುತು ಹಾಕಿಕೊಳ್ಳುತ್ತಾನೆ. 1997ರ ತನ್ನ ಗ್ರಂಥದಲ್ಲಿ ಅವನು ರೋಗಿಯ ವ್ಯಕ್ತಿತ್ವವನ್ನು ಸವೆಸುವ ಹದಿನೇಳು ವರ್ತನೆಗಳನ್ನು ಪಟ್ಟಿ ಮಾಡಿದ್ದಾನೆ: ವಂಚಿಸುವುದು, ಮಗುವಿನಂತೆ ಕಾಣುವುದು, ಹೆದರಿಸುವುದು, ಹೆಸರಿಡುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಮಾತನಾಡುವುದು, ಗಡೀಪಾರು ಮಾಡುವುದು, ಗೇಲಿ ಮಾಡುವುದು ಮೊದಲಾದವು. ಮಿದುಳಿನ ಕ್ಷಯವೊಂದೇ ಮನುಷ್ಯನನ್ನು ಅಳಿಸುವುದಿಲ್ಲ, ಸುತ್ತಲಿನವರೂ ಅಳಿಸುತ್ತಾರೆ ಎಂಬ ಅವನ ಪ್ರತಿಪಾದನೆಯು ಈ ಶಾಸ್ತ್ರದಲ್ಲಿ ಒಂದು ತಿರುವು. “ನೆಪ್ಪಿಲ್ರೀ ಸರ್” ಎಂಬ ಮಾತು ಅವನ ಪಟ್ಟಿಯಲ್ಲಿ ಎರಡು ಮೂರು ಕಡೆ ಸಿಕ್ಕಿಬೀಳುತ್ತದೆ. ನಮಸ್ಕಾರವಿಲ್ಲದೆ ಎದ್ದು ಬಂದ ಸಂಶೋಧಕನೂ ಸಿಕ್ಕಿಬೀಳುತ್ತಾನೆ.

ಆದರೂ ಈ ಪಟ್ಟಿಯನ್ನು ಇದ್ದಂತೆಯೇ ತಂದು ನಮ್ಮ ಮನೆಗಳ ಮೇಲೆ ಹಾಸಲಾಗದು. ಅಪರಿಚಿತನೊಬ್ಬನು ಆರು ಗಂಟೆ ಪಡಸಾಲೆಯಲ್ಲಿ ಕುಳಿತರೆ ಅವನು ಅತಿಥಿ. ಮನೆಯ ಹೆಂಗಸರು ಅವನ ಚಹಾ ಊಟಗಳಲ್ಲಿ ತೊಡಗುತ್ತಾರೆ, ಮುದುಕಿಗೆ ಹೊಸ ಸೀರೆ ಉಡಿಸುತ್ತಾರೆ. ನಕ್ಷೆ ತೆಗೆದದ್ದು ಅತಿಥಿಸತ್ಕಾರದ್ದಾಗುತ್ತದೆ. ಮೇಲಾಗಿ ಈ ಕ್ರಮವು ಎಲ್ಲರೂ ಕೂಡುವ ಸ್ಥಳದಲ್ಲಿ ಮಾತ್ರ ನಡೆಯತಕ್ಕದ್ದು. ಬಚ್ಚಲಮನೆಗೆ ಹೋಗಲಾಗದು, ಹೋಗಲೂಬಾರದು. ಮಾನವು ಉಳಿಯುವುದೂ ಅಳಿಯುವುದೂ ಅಲ್ಲಿಯೇ.

ಸಂಬೋಧನೆಯ ವಿಚಾರವನ್ನು ನೋಡೋಣ. ಇಷ್ಟವಾದ ಹೆಸರಿನಿಂದ ಕರೆಯುವುದು ಪಶ್ಚಿಮದಲ್ಲಿ ಗೌರವದ ಲಕ್ಷಣ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದೇ ಅಗೌರವ. ಮುತ್ಯಾ, ಆಯಿ, ಅತ್ತಿ, ಕಾಕಾ ಎಂಬ ಸಂಬಂಧವಾಚಕಗಳೇ ಆತನ ಸ್ಥಾನ. ಆದರೆ ಕನ್ನಡದಲ್ಲಿ ಘನತೆಯನ್ನು ಅಳೆಯುವ ಒಂದು ಸೂಕ್ಷ್ಮವಾದ ಸಾಧನವು ವ್ಯಾಕರಣದಲ್ಲಿಯೇ ಇದೆ. ಬರ್ರಿ, ಕೂಡ್ರಿ, ಉಣ್ರಿ ಎನ್ನುತ್ತಿದ್ದ ಮಗನು ಯಾವ ತಿಂಗಳಿನಿಂದ ಬಾ, ಕೂಡು, ಉಣ್ಣು ಎನ್ನತೊಡಗಿದನು? ತಾಯಿಗೆ ಏಕವಚನವು ಪ್ರೀತಿಯ ರೂಢಿ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೆ ಜೀವಮಾನವೆಲ್ಲ ಬಹುವಚನ ಪಡೆದ ತಂದೆಗೆ ರೋಗದ ತರುವಾಯ ‘ರಿ’ ಬಿದ್ದುಹೋದರೆ, ಆ ಒಂದಕ್ಷರದಲ್ಲಿ ಅವನ ಅಂಶವೂ ಬಿದ್ದುಹೋಗಿದೆ. ಇದನ್ನು ಗುರುತಿಸಲು ಆರು ಗಂಟೆ ಬೇಡ. ಒಂದು ಊಟದ ಹೊತ್ತು ಸಾಕು. ಅನುವಾದಿತ ಪ್ರಶ್ನಾವಳಿಗಳಲ್ಲಿ ಇದಕ್ಕೆ ಸ್ಥಳವಿಲ್ಲ, ಏಕೆಂದರೆ ಅವುಗಳ ಮೂಲವಾದ ಇಂಗ್ಲಿಷಿನಲ್ಲಿ ಈ ಭೇದವಿಲ್ಲ.

ಕೋಣೆಯ ವಿಚಾರವೂ ಹೀಗೆಯೇ ತಲೆಕೆಳಗು. ಸ್ವಂತ ಕೋಣೆ, ಮುಚ್ಚುವ ಬಾಗಿಲು ಇವು ಪಶ್ಚಿಮದ ಪಟ್ಟಿಗಳಲ್ಲಿ ಘನತೆಯ ಗುರುತುಗಳು. ನಮ್ಮ ಭಾಗದಲ್ಲಿ ಯಜಮಾನನ ಹೊರಸು ಇರುವುದು ಪಡಸಾಲೆಯಲ್ಲಿ ಅಥವಾ ಬಾಗಿಲ ಕಟ್ಟೆಯ ಹತ್ತಿರ; ಹೋಗುವವರು ಬರುವವರು ಅವನನ್ನು ಹಾದೇ ಹೋಗಬೇಕು. ಅಲ್ಲಿಂದ ಹೊರಸನ್ನು ಒಳಕ್ಕೆ ಸರಿಸಿದ ದಿನವೇ ಗಡೀಪಾರಿನ ದಿನ. ಸೇಡಂ ಕಡೆಯ ಒಂದು ಮನೆಯಲ್ಲಿ ಮಕ್ಕಳು ತಂದೆಗೆ ಬೇರೆ ಕೋಣೆ, ಬೀಸಣಿಗೆಯಂತ್ರ, ಹೊಸ ಗಾದಿ ಎಲ್ಲವನ್ನೂ ಒದಗಿಸಿದ್ದರು. ಮುದುಕನು ದಿನವೂ ಎದ್ದು ಬಂದು ಕಟ್ಟೆಯ ಬರಿಯ ಕಲ್ಲಿನ ಮೇಲೆ ಕೂಡುತ್ತಿದ್ದನು. ಹಟವೆಂದರು. ಹಟವಲ್ಲವೆಂದು ತೋರುತ್ತದೆ. ಶಹಾಬಾದದ ಫರಸಿ ಹಾಸಿದ ನೆಲದ ಮಾತನ್ನೂ ಇಲ್ಲಿಯೇ ಹೇಳಬಹುದು. ನೀರು ಬಿದ್ದರೆ ಆ ನುಣುಪುಗಲ್ಲು ಜಾರುತ್ತದೆ. ಅಲ್ಲದೆ ಈ ರೋಗದಲ್ಲಿ ಕಣ್ಣಿನ ಗ್ರಹಿಕೆ ಕೆಡುವುದರಿಂದ ನೆಲದ ಕಪ್ಪು ಭಾಗವು ಕೆಲವರಿಗೆ ಹಳ್ಳದಂತೆ ಕಾಣುವುದುಂಟು. ಹೊಸ್ತಿಲಲ್ಲಿ ನಿಂತು ಕಾಲಿಡಲು ಹೆದರುವ ಮುದುಕಿಯನ್ನು ಬೈಯುವ ಮೊದಲು ನೆಲವನ್ನು ನೋಡಬೇಕು.

ಕಿಟ್‌ವುಡ್ಡನ ಪಟ್ಟಿಯ ಮೊದಲ ಅಪರಾಧವಾದ ವಂಚನೆಯನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ. ಚಿತ್ತಾಪುರದ ಕಡೆಯ ಹಳ್ಳಿಯೊಂದರಲ್ಲಿ, ನೆಪ್ಪಿಲ್ಲವೆಂದು ಮಗನು ತಡೆದರೂ ಕೇಳದೆ, ಈ ಲೇಖಕನು ಒಬ್ಬ ವೃದ್ಧೆಯ ಮುಂದೆ ಧ್ವನಿಮುದ್ರಣದ ಯಂತ್ರವನ್ನಿಟ್ಟು ರಜಾಕಾರರ ಪ್ರಶ್ನೆಯನ್ನು ಕೇಳಿಬಿಟ್ಟನು. ಆಕೆಯು ಹತ್ತು ನಿಮಿಷ ಸ್ಫುಟವಾಗಿ, ಕಣ್ಣ ಮುಂದೆ ನಡೆಯುತ್ತಿರುವಂತೆ ಮಾತನಾಡಿದಳು. ಸಂಶೋಧಕನಿಗೆ ಸಂತೋಷವಾಯಿತು. ಆದರೆ ಆಕೆಗೆ ಅದು 1948ರ ನೆನಪಾಗಿರಲಿಲ್ಲ. 1948ನೆಯ ಇಸವಿಯೇ ಆಗಿತ್ತು. ಮುಂದಿನ ಹಲವು ರಾತ್ರಿ ಆಕೆ ಎದ್ದೆದ್ದು, “ಬಾಗಲಾ ಹಾಕ್ರಿ, ಬರ್ಲಿಕತ್ಯಾರ” ಎಂದು ಕೂಗುತ್ತಿದ್ದಳೆಂದು ಎರಡನೆಯ ಸಲ ಹೋದಾಗ ತಿಳಿಯಿತು. ಮಗನು ಮೊದಮೊದಲು, ರಜಾಕಾರರು ಹೋಗಿ ಎಪ್ಪತ್ತು ವರ್ಷಗಳ ಮೇಲಾಯಿತೆಂದು ತಿಳಿಹೇಳಿದನು, ಸತ್ಯವಾದರೂ ಪ್ರಯೋಜನವಾಗಲಿಲ್ಲ. ಸೊಸೆಯು ಬೇರೆ ದಾರಿ ಹಿಡಿದಳು. ಪ್ರತಿಸಲವೂ ಎದ್ದು ಹೋಗಿ, ಸದ್ದಾಗುವಂತೆ ಅಗಳಿಯನ್ನು ಜಡಿದು, ಬಂದು ಪಕ್ಕದಲ್ಲಿ ಕುಳಿತು, “ಹಾಕೀನ್ರೀ ಅತ್ತಿ. ಅಗಳೀನೂ ಹಚ್ಚೀನಿ. ಮಲಕೋರಿ” ಎನ್ನುತ್ತಿದ್ದಳು.

ನೋಡುಗನು ಇದನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳಬೇಕು? ರೋಗಿಯ ಭ್ರಮೆಗೆ ಕುಮ್ಮಕ್ಕು ಕೊಟ್ಟದ್ದರಿಂದ ವಂಚನೆಯೇ? ಭಾವವನ್ನು ಒಪ್ಪಿಕೊಂಡದ್ದರಿಂದ ಪುರಸ್ಕಾರವೇ? ಆಕೆ ಒಂದು ಸುಳ್ಳನ್ನೂ ಆಡಲಿಲ್ಲವೆಂಬುದನ್ನು ಗಮನಿಸಬೇಕು. ಬಾಗಿಲನ್ನು ನಿಜವಾಗಿಯೂ ಹಾಕಿದ್ದಳು. ಅತ್ತೆಯ ಅಪ್ಪಣೆಯೊಂದು ಆ ಮನೆಯಲ್ಲಿ ಇನ್ನೂ ನಡೆಯಿತು. ಮೇಲೆ ಹೇಳಿದ ಅರ್ಥದಲ್ಲಿ ಆ ಮನೆಯಲ್ಲಿ ಆಕೆಗೆ ಅಂಶವಿತ್ತು. ಬುದ್ಧಿ ನೆಟ್ಟಗಿದ್ದ ಮಗನು ಕೊಟ್ಟದ್ದು ತಿಳಿವಳಿಕೆ ಮಾತ್ರ. ‘ಮಲಕೋರಿ’ ಎಂಬಲ್ಲಿಯ ‘ರಿ’ ನಡುರಾತ್ರಿಯಲ್ಲಿ ಮೂರನೆಯ ಸಲ ಎದ್ದವಳ ಬಾಯಲ್ಲಿಯೂ ಉಳಿದಿತ್ತು.

ಇದರ ಬೆಲೆಯನ್ನು ತೆತ್ತವಳು ಯಾರು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಹಗಲು ತೊಗರಿಯ ಹೊಲಕ್ಕೆ ಹೋಗುವ ಆ ಹೆಣ್ಣುಮಗಳಿಗೆ ಇಡೀ ರಾತ್ರಿ ನಿದ್ರೆಯಿಲ್ಲ. ಆರೈಕೆ ಮಾಡುವವರ ಭಾರವನ್ನು ಅಳೆಯಲು 1980ರಲ್ಲಿ ಜ಼ಾರಿಟ್ ಮೊದಲಾದವರು ಬೇರೊಂದು ಪ್ರಶ್ನಾವಳಿಯನ್ನು ರಚಿಸಿದ್ದಾರೆ. ರೋಗಿಯ ಘನತೆಗೆ ಒಂದು ಕಾಗದ, ಸೊಸೆಯ ಭಾರಕ್ಕೆ ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯದ ಶಾಸ್ತ್ರವು ಒಬ್ಬಳ ಘನತೆಯನ್ನು ಇನ್ನೊಬ್ಬಳ ಲೆಕ್ಕದಿಂದ ಖರ್ಚು ಮಾಡಿ, ಜಮೆಯನ್ನು ಮಾತ್ರ ತೋರಿಸುತ್ತದೆ. ಈ ದೋಷವು ಮಿತಾಕ್ಷರೆಗೂ ಹೊರತಲ್ಲ. ಭರಣ ಮಾಡಬೇಕೆಂದು ಅದು ವಿಧಿಸುವಾಗ ಅನ್ನ ಬೇಯಿಸುವವರು ಯಾರೆಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಪಟ್ಟಿಗಳನ್ನು ಕನ್ನಡಕ್ಕೆ ತರಹೊರಟವರು ಅನುವಾದಕ್ಕೆ ಮುಂಚೆ ಒಂದು ವರ್ಷ ಇಂತಹ ಸೊಸೆಯಂದಿರ ಮಾತನ್ನು ಕೇಳಿ ಬರೆದುಕೊಂಡರೆ, ಪಟ್ಟಿಯು ಈಗಿನದಕ್ಕಿಂತ ಬೇರೆಯಾಗಿಯೇ ಹುಟ್ಟುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ಆ ಹತ್ತು ನಿಮಿಷಗಳ ಧ್ವನಿಮುದ್ರಿಕೆಯು ಐತಿಹಾಸಿಕ ದೃಷ್ಟಿಯಿಂದ ಬೆಲೆಯುಳ್ಳದ್ದು. ಒಪ್ಪಿಗೆಯನ್ನು ಮಗನಿಂದ ಪಡೆಯಬಹುದೆಂದು ನಿಯಮಗಳನ್ನು ಬಲ್ಲ ಮಿತ್ರರು ಹೇಳಿದರು. ಮೂರನೆಯ ಸಲ ಹೋಗಿ ಆ ವೃದ್ಧೆಯನ್ನೇ ಕೇಳಲಾಯಿತು. ಆಕೆ ಬಹಳ ಹೊತ್ತು ಯಂತ್ರವನ್ನು ನೋಡಿ, “ಇದು ಇಲ್ಲೇ ಇರಲಿ” ಎಂದಳು. ಏನನ್ನು ಕುರಿತು ಹೇಳಿದಳೆಂದು ನಿರ್ಣಯಿಸುವುದು ಸುಲಭವಲ್ಲ. ಮುದ್ರಿಕೆಯ ಪ್ರತಿಯೊಂದನ್ನು ಸೊಸೆಯ ಮೊಬೈಲಿಗೆ ಹಾಕಿ ಕೊಡಲಾಗಿದೆ; ವಿಭಾಗದ ಸಂಗ್ರಹದಲ್ಲಿ ಅದನ್ನು ಇಟ್ಟಿಲ್ಲ.